ಕಾಲುವೆ ಬಂಗಲೆಯ ಹಿಂಬಾಗಿಲು

ಬಂಗಲೆ ಬೀಳುವುದನ್ನು ನೋಡುತ್ತಲೇ ನಾನು ದೊಡ್ಡವಳಾದೆ. ನೋಡಿ ನೋಡಿ ಖುಷಿಪಟ್ಟೆ. ಅದನ್ನು ಮುಚ್ಚಿಟ್ಟುಕೊಳ್ಳುವ ದರ್ದು ನನಗಿಲ್ಲ.

ಕಾಲುವೆಯ ಆ ದಡದಲ್ಲಿ ಬಂಗಲೆ. ಈ ದಡದಲ್ಲಿ ನಮ್ಮ ತಗಡಿನ ಗುಡಿಸಲು. ಬೆಳಿಗ್ಗೆ ನಾನು ಕೊಡ ತುಂಬಿಕೊಂಡು ಒಳಗೆ ಬಂದರೆ ಅವ್ವ ಒಲೆ ಮುಂದೆ ಕೂತಲ್ಲಿಂದಲೇ ಕೇಳುತ್ತಿದ್ದಳು.

"ಇವತ್ತೇನು ಬಿತ್ತೇ?"

"ಹಿಂದಿನ ಜಗಲಿ ಹೆಂಚು."

"ಎಷ್ಟು?"

"ಒಂದು ಸಾಲು ಪೂರ್ತಿ."

"ಮುಂದಿನ ಕಂಬ?"

"ಇನ್ನೂ ನಿಂತಿದೆ."

"ನಿಂತಿರ್ಲಿ ಬಿಡು. ಅದೂ ಬೀಳತ್ತೆ. ನನಗೇನು ಅವಸರ?"

ಜೋರು ಮಳೆ ಬಂದ ಮರುದಿನ ಅವ್ವನ ಮುಖ ಗೆಲುವಾಗಿರುತ್ತಿತ್ತು. ಉಳಿದವರು ತಮ್ಮ ಸೂರು ನೋಡಿಕೊಂಡರೆ ಅವ್ವ ಆ ದಡದ ಸೂರು ನೋಡುತ್ತಿದ್ದಳು.

ಬಿಳಿ ದೊರೆಗಳು ಕಾಲುವೆ ತೋಡಿಸಿದಾಗ ಅದರ ಉದ್ದಕ್ಕೂ ಬಂಗಲೆ ಕಟ್ಟಿಸಿದ್ದರು. ಕುದುರೆ ಒಂದು ದಿನ ನಡೆದು ದಣಿಯುವಷ್ಟು ದೂರಕ್ಕೆ ಒಂದು ಬಂಗಲೆ. ನೀರು ನೋಡಲು ಬರುವ ಇಂಜಿನಿಯರು ಅಲ್ಲಿ ಉಂಡು ಮಲಗಬೇಕು. ಕಾಲುವೆ ತೋಡಿದವರು ಎಲ್ಲಿ ಉಂಡರು, ಎಲ್ಲಿ ಮಲಗಿದರು ಎಂದು ಯಾರೂ ಕೇಳಲಿಲ್ಲ. ಆಮೇಲೆ ದೊರೆಗಳು ಹೋದರು. ಅವರ ಕುರ್ಚಿ ಉಳಿಯಿತು. ಆ ಕುರ್ಚಿಯಲ್ಲಿ ನಮ್ಮವರೇ ಬಂದು ಕೂತರು. ಕಾಲು ಚಾಚುವ ರೀತಿ ಕೂಡ ಬದಲಾಗಲಿಲ್ಲ.

ಆ ಬಂಗಲೆಯಲ್ಲಿ ಪ್ರತಿ ಮಲಗುವ ಕೋಣೆಗೂ ಒಂದು ಬಚ್ಚಲು. ಬಚ್ಚಲಿಗೆ ಎರಡು ಬಾಗಿಲು. ಕೋಣೆ ಕಡೆಯದು ಸಾಹೇಬರಿಗೆ. ಹಿತ್ತಿಲ ಕಡೆಯದು ನಮಗೆ. ನಮ್ಮ ಬಾಗಿಲಿಗೆ ಒಳಗಿನಿಂದ ಚಿಲಕವೇ ಇರಲಿಲ್ಲ, ಹೊರಗಿನಿಂದ ಮಾತ್ರ. ಸಾಹೇಬರು ಕೆಲಸ ಮುಗಿಸಿ ಹೋದ ಮೇಲೆ ನಾವು ಹೊರಗಿನಿಂದ ತೆಗೆದು ಒಳಗೆ ಹೋಗಬೇಕು, ಮಲದ ಬಾನಿ ಎತ್ತಿಕೊಂಡು ಹೊರಗೆ ಬರಬೇಕು. ನಮ್ಮ ಮುಖ ಅವರಿಗೆ ಕಾಣಬಾರದು. ಅವರದ್ದೆಲ್ಲ ನಮಗೆ ಕಾಣಬಹುದು. ಬಾಗಿಲಿನಿಂದ ಹಿಂದಿನ ಗುಂಡಿಯವರೆಗೆ ಒಂದು ಕಿರುದಾರಿ, ಎರಡೂ ಬದಿಗೆ ಆಳೆತ್ತರದ ಬೇಲಿ. ನಾವು ಬಾನಿ ಹೊತ್ತು ನಡೆಯುವುದು ಮುಂದಿನ ಜಗಲಿಯಲ್ಲಿ ಚಹಾ ಕುಡಿಯುವವರಿಗೆ ಕಾಣದಿರಲಿ ಎಂದು ಆ ಬೇಲಿ. ಬಾನಿ ತೊಳೆಯುವುದಕ್ಕೆ ಕಾಲುವೆಗಿಳಿಯುವ ನಾಲ್ಕು ಕಲ್ಲಿನ ಮೆಟ್ಟಿಲು. ನಮ್ಮಜ್ಜಿ ಆ ದಾರಿಯಲ್ಲಿ ಸವೆದಳು. ಆಮೇಲೆ ಅವ್ವ. ನಮ್ಮನ್ನು ಎಲ್ಲರೂ ಕರೆಯುತ್ತಿದ್ದದ್ದು ಹಿಂಬಾಗಿಲವರು ಎಂದು.

ಸಾಹೇಬರಿಗೆ ನಾವೂ ಹೆಸರಿಟ್ಟಿದ್ದೆವು. ಬಾನಿ ನೋಡಿ ಇಟ್ಟ ಹೆಸರು. ಒಬ್ಬ ಭೇದಿ ಸಾಹೇಬ, ಒಬ್ಬ ಗಟ್ಟಿ ಸಾಹೇಬ. ಒಬ್ಬನಿದ್ದ, ಕಾಲುವೆ ಉಪವಿಭಾಗಕ್ಕೆಲ್ಲ ದೊಡ್ಡವನು, ವಯಸ್ಸಿನಲ್ಲಿ ಚಿಕ್ಕವನು. ಕೂತಾಗ ಸಿಳ್ಳೆ ಹಾಕುತ್ತಿದ್ದ. ಒಂದೇ ಧಾಟಿ, ಕೊನೆಯಲ್ಲಿ ಎಳೆದು ಎಳೆದು ನಿಲ್ಲಿಸುತ್ತಿದ್ದ. ಸಿಳ್ಳೆ ನಿಂತರೆ ಅವ್ವ ಬಾಗಿಲು ತೆಗೆಯುವ ಹೊತ್ತಾಯಿತು ಎಂದರ್ಥ. ಅವನು ಸಿಳ್ಳೆ ಸಾಹೇಬ.

ಆ ಬಚ್ಚಲಲ್ಲಿ ಒಂದು ಬೆಳ್ಳಿಯ ಸೋಪಿನ ಡಬ್ಬಿ ಇತ್ತು. ಬಿಳಿ ದೊರೆ ಬಿಟ್ಟುಹೋದದ್ದು. ತಳದಲ್ಲಿ ಕಾಲುವೆ ಇಲಾಖೆಯ ಮುದ್ರೆ. ದಿನಾ ಅದನ್ನು ತೊಳೆದು ಒರೆಸಿ ಇಡುತ್ತಿದ್ದವಳು ಅವ್ವ. ಮದುವೆಯಾಗಿ ಬಂದ ಹೊಸದರಲ್ಲಿ ಕೈಜಾರಿ ಕಲ್ಲಿನ ಮೇಲೆ ಬೀಳಿಸಿದ್ದಳಂತೆ. ಮುಚ್ಚಳದ ಒಂದು ಮೂಲೆ ನಜ್ಜಾಗಿತ್ತು. ಅಜ್ಜಿ ಅದನ್ನು ಗೋಡೆ ಕಡೆಗೆ ತಿರುಗಿಸಿ ಇಟ್ಟು ಸೊಸೆಯನ್ನು ಕಾಪಾಡಿದ್ದಳು.

ಒಂದು ದಿನ ಡಬ್ಬಿ ಇರಲಿಲ್ಲ. ಅದೇ ವಾರ ಮೇಲಿನಿಂದ ತನಿಖೆಯವರು ಬಂದರು, ಬಂಗಲೆಯ ಸಾಮಾನು ಒಂದೊಂದಾಗಿ ನೋಡಿದರು. ಡಬ್ಬಿ ಎಲ್ಲಿ ಎಂದರು.

ಸಿಳ್ಳೆ ಸಾಹೇಬ ಯೋಚನೆ ಕೂಡ ಮಾಡಲಿಲ್ಲ.

"ಬಚ್ಚಲಿಗೆ ನನ್ನ ಬಿಟ್ರೆ ಅವಳೊಬ್ಬಳೇ ಹೋಗೋದು."

"ಹೊರಗೆ ಹೇಗೆ ಸಾಗಿಸಿದ್ಲು?"

"ಬಾನಿ ಒಳಗೆ. ಅದರೊಳಗೆ ಯಾರು ಕೈ ಹಾಕಿ ನೋಡ್ತಾರೆ? ಗುಂಡಿಗೆ ಸುರಿದು ಆಮೇಲೆ ತೆಗೆಯೋಣ ಅಂತ ಇದ್ದಿರ್ತಾಳೆ. ಗುಂಡಿ ಹುಡುಕಿಸಿ."

"ಯಾರು ಇಳೀತಾರೆ?"

"ಇನ್ಯಾರು? ಅವಳೇ."

ಅವ್ವ ಗುಂಡಿಗಿಳಿದಳು. ಅವರ ಮಲ, ಅವರ ಮುಂಚಿನವರ ಮಲ, ತೊಡೆಯವರೆಗೆ. ಕೋಲು ಕೊಡಲಿಲ್ಲ. ಕೈಯಲ್ಲೇ ಹುಡುಕಬೇಕು. ಕೋಲಿಗೆ ಡಬ್ಬಿ ಗೊತ್ತಾಗುವುದಿಲ್ಲ ಎಂದ ಸಿಳ್ಳೆ ಸಾಹೇಬ. ಗಾಳಿ ಬೀಸುವ ಕಡೆ ನೋಡಿಕೊಂಡು ಮರದ ಕೆಳಗೆ ಕುರ್ಚಿ ಹಾಕಿಸಿದರು. ಚಹಾ ಬಂತು. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಕುಡಿದರು.

"ಆ ಮೂಲೆಗೆ ಕೈ ಹಾಕು. ಇನ್ನೂ ಒಳಗೆ. ಬಗ್ಗು."

ಅವ್ವ ಬಗ್ಗಿದಳು. ಗಲ್ಲದವರೆಗೆ ಬಂತು. ನಾನು ಬೇಲಿ ಪಕ್ಕ ಅವಳ ಒಣಗಿದ ಸೀರೆ ಹಿಡಿದುಕೊಂಡು ನಿಂತಿದ್ದೆ. ಅಪ್ಪ ಇರಲಿಲ್ಲ. ಕಾಲುವೆ ಹೂಳೆತ್ತುವಾಗ ಮಣ್ಣು ಕುಸಿದು ಯಾವತ್ತೋ ಸತ್ತಿದ್ದ. ಅವ್ವನ ಕೈಗೆ ಏನೋ ಸಿಕ್ಕಿ ಮೇಲೆತ್ತಿದಾಗಲೆಲ್ಲ ಕುರ್ಚಿಯವರು ಮುಂದಕ್ಕೆ ಬಗ್ಗುತ್ತಿದ್ದರು. ಒಡೆದ ಸೀಸೆ. ಬಾಚಣಿಗೆ. ಆಮೇಲೆ ಅವ್ವ ಕಿರುಚಿದಳು. ಸಾಹೇಬರು ಗಡ್ಡ ಕೆರೆದು ಬಾನಿಗೆ ಎಸೆದ ಬ್ಲೇಡು. ಅಂಗೈ ಅಡ್ಡಕ್ಕೆ ಸೀಳಿತ್ತು.

"ನಿಲ್ಲಿಸ್ಬೇಡ," ಎಂದ ಸಿಳ್ಳೆ ಸಾಹೇಬ. "ನಾಟಕ ಗೊತ್ತು ನಮಗೆ."

ಸಂಜೆಯವರೆಗೆ ಹುಡುಕಿದಳು. ಇಲ್ಲದ್ದು ಸಿಗುವುದಾದರೂ ಹೇಗೆ? ಕತ್ತಲಾಗುವ ಮುಂಚೆ ಬಂಗಲೆಯ ಹಿತ್ತಿಲಲ್ಲಿದ್ದ ನಮ್ಮ ಮನೆಯ ಪಾತ್ರೆ ಪಗಡ ಬೇಲಿಯಾಚೆ ಬಿದ್ದವು. ಹಿಂಬಾಗಿಲವರು ಹೋಗಿ ಕಳ್ಳರಾದೆವು.

ಅವ್ವನ ಕೈ ಕೀವು ತುಂಬಿ ಬಾತಿತು. ಜ್ವರ ಬಿಡುವಾಗ ಎರಡು ಬೆರಳು ಮರಗಟ್ಟಿದ್ದವು. ಅವತ್ತಿನಿಂದ ಅವ್ವ ಆ ಕೈಯಿಂದ ತುತ್ತು ಎತ್ತಿಲ್ಲ. ತಟ್ಟೆ ಎತ್ತಿ ಬಾಯಿಗೆ ಸುರಿದುಕೊಳ್ಳುತ್ತಾಳೆ. ಬೆರಳು ಮಡಚುವುದಿಲ್ಲ ಎಂಬ ಕಾರಣಕ್ಕಲ್ಲ. ಎಡಗೈ ಇತ್ತಲ್ಲ. "ಎರಡೂ ಅದರೊಳಗೆ ಹೋಗಿದ್ವು," ಎಂದಿದ್ದಳು ಒಂದು ಸಲ, ಅಷ್ಟೇ.

ಯಾವ ಮನೆಯಲ್ಲೂ ಅವ್ವನಿಗೆ ಕೆಲಸವಿಲ್ಲ. ಅವಳು ಬೀದಿಯಲ್ಲಿ ನಡೆದರೆ ಹೊರಗೆ ಒಣಗಿಸಿದ ಬಟ್ಟೆ ಒಳಗೆ ಹೋಗುತ್ತಿದ್ದವು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ನೀರು ಕುಡಿದ ಲೋಟ ಕೆಳಗಿಡುವ ಮೊದಲೇ ಯಾರೋ ಕಿವಿಯಲ್ಲಿ ಊದಿದರು. ಡಬ್ಬಿ ಕಳ್ಳಿಯ ಮಗಳು. ಎದ್ದು ಹೋದರು. ನಮ್ಮಂಥವರೇ, ಬಾನಿ ಹೊರುವವರೇ. ಬಾನಿ ಹೊರುವವರಿಗೂ ಕಳ್ಳಿ ಬೇಡ.

ಆಮೇಲೆ ಕಾಲುವೆ ಪಕ್ಕ ಡಾಂಬರು ರಸ್ತೆ ಬಂತು. ಸಾಹೇಬರು ಬೆಳಿಗ್ಗೆ ಜೀಪಿನಲ್ಲಿ ಬಂದು ಸಂಜೆ ಪೇಟೆಗೆ ಹೋಗತೊಡಗಿದರು. ಬಂಗಲೆಯಲ್ಲಿ ಮಲಗುವವರಿಲ್ಲ. ಕುಡಿಯುವವರು ಕೆಲವು ಕಾಲ ಬಂದರು. ಆಮೇಲೆ ಅವರೂ ಬರಲಿಲ್ಲ. ಕಾವಲುಗಾರನನ್ನು ತೆಗೆದರು. ಆನೆ ಬಿದ್ದರೆ ಆಳಿಗೊಂದು ಕಲ್ಲು. ಕಿಟಕಿ ಗಾಜು ಹೋಯಿತು, ಕಬ್ಬಿಣದ ಸರಳು ಹೋಯಿತು, ಸೂರಿನ ತೊಲೆ ಯಾರದೋ ಮನೆಯ ತೊಲೆಯಾಯಿತು. ಊಟದ ಕೋಣೆಯಲ್ಲಿ ದನ ಕಟ್ಟಿದರು. ಬಾವಲಿ ಬಂದವು. ದೊರೆ ಕೂತು ಹುಕುಂ ಮಾಡುತ್ತಿದ್ದ ಕೋಣೆಯ ನಡುವೆ ಒಂದು ಮರ ಹುಟ್ಟಿ ಸೂರು ತೂರಿ ಹೊರಗೆ ಬಂತು. ಆ ಮರ ಕಂಡ ದಿನ ಅವ್ವ ನನ್ನ ಹೆಗಲು ಹಿಡಿದು ದಡದವರೆಗೆ ನಡೆದು ಬಂದಳು. ತುಂಬಾ ಹೊತ್ತು ನೋಡಿದಳು.

"ದೇವರು ಕುರುಡ ಅಲ್ಲ," ಎಂದಳು. "ಸೋಮಾರಿ."

ಇಷ್ಟರಲ್ಲಿ ಅದು ನೆಲ ಕಚ್ಚಬೇಕಿತ್ತು. ಕಚ್ಚಲಿಲ್ಲ. ಒಂದು ಬೇಸಿಗೆ, ಕಾಲುವೆ ಬತ್ತಿದ್ದಾಗ, ಲಾರಿಗಳು ಬಂದವು. ಮರ ಕಡಿದರು. ಹೆಂಚು ಹೊದೆಸಿದರು. ಯಾರೋ ಪೇಟೆಯವನು ಸರ್ಕಾರದಿಂದ ಬಂಗಲೆ ಗುತ್ತಿಗೆ ಹಿಡಿದಿದ್ದಾನಂತೆ, ದುಡ್ಡಿದ್ದವರು ಬಂದು ಹಳೇ ಕಾಲದ ದೊರೆಗಳ ಹಾಗೆ ಇದ್ದು ಹೋಗಬೇಕಂತೆ. ಹಳೆಯದು ಎಲ್ಲ ಹಳೆಯದರ ಹಾಗೆಯೇ ಇರಬೇಕು ಎಂದು ಅವನ ಹಟ. ಹಳೇ ಕೀಲು, ಹಳೇ ಚಿಲಕ, ಎಲ್ಲೆಲ್ಲಿಂದಲೋ ಹುಡುಕಿ ತಂದು ಜಡಿಸಿದ. ಬಚ್ಚಲಿಗೆ ನಲ್ಲಿ ಬಂತು, ನೀರು ಬಿಡುವ ಕಕ್ಕಸು ಬಂತು. ಹಿಂಬಾಗಿಲು ಮಾತ್ರ ಹಾಗೇ ಉಳಿಯಿತು. ಬೇಲಿ ಮತ್ತೆ ನೆಟ್ಟರು. ತೊಳೆಯುವವರು ಅತಿಥಿಗಳ ಕಣ್ಣಿಗೆ ಬೀಳಬಾರದು ತಾನೇ?

ತೊಳೆಯಲು ಜನ ಬೇಕಿತ್ತು. ಮ್ಯಾನೇಜರನಿಗೆ ಹೊಸ ಊರು, ನಮ್ಮ ಕಥೆ ಗೊತ್ತಿಲ್ಲ. ನನ್ನನ್ನು ಕರೆದ. ನಾನು ಅವ್ವನ ಮುಖ ನೋಡಿದೆ.

"ಹೋಗು," ಎಂದಳು ಅವ್ವ. "ಹೊಟ್ಟೆಗೆ ಮಾನ ಇಲ್ಲ. ನಿನ್ನ ಕೈ ಮಾತ್ರ ನೋಡ್ಕೋ."

ಮ್ಯಾನೇಜರ್ ಮೊದಲ ದಿನವೇ ಹಿಂಬಾಗಿಲುಗಳಿಗೆ ಬೀಗ ಹಾಕಿಸಿ ಕೀಲಿ ನನ್ನ ಸೊಂಟಕ್ಕೆ ಕಟ್ಟಿಸಿದ. "ಇನ್ನೊಬ್ರ ಕೈಗೆ ಕೊಡ್ಬೇಡ. ಬಚ್ಚಲಿಂದ ಏನೇ ಕಾಣೆಯಾದ್ರೂ ನಿನ್ನನ್ನೇ ಕೇಳೋದು," ಎಂದ. ಬೇರೆ ಕೀಲಿ ಮಾಡಿಸಿರಲಿಲ್ಲ. ಎರಡು ಕೀಲಿ ಇದ್ದರೆ ಕಳ್ಳಿ ಯಾರು ಅನ್ನುವುದರಲ್ಲಿ ಅನುಮಾನ ಬರುತ್ತದಲ್ಲ!

ಬಂಗಲೆ ತೆರೆಯುವ ಹಿಂದಿನ ದಿನ ನಾನು ಹಿತ್ತಿಲಲ್ಲಿ ಬಕೆಟ್ ಉಜ್ಜುತ್ತಿದ್ದೆ. ಮ್ಯಾನೇಜರ್ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತಂದ.

"ಇದನ್ನ ಫಳಫಳ ಅನ್ನೋ ಹಾಗೆ ಉಜ್ಜು. ಮುಂದಿನ ಹಾಲಲ್ಲಿ ಗಾಜಿನ ಪೆಟ್ಟಿಗೆ ಒಳಗೆ ಇಡೋದು. ಮಾಲೀಕರ ಅಪ್ಪನ ಮನೇದು. ಅವ್ರು ಕೂಡ ಇದೇ ಕಾಲುವೇಲಿ ಸಾಹೇಬ್ರಾಗಿದ್ರಂತೆ. ನಾಳೆ ಅವರೇ ಬಾಗಿಲು ತೆಗೀತಾರೆ. ಜೋಪಾನ. ನಿನ್ನ ಮಾರಿದ್ರೂ ಇದರ ಬೆಲೆ ಬರಲ್ಲ."

ಬಟ್ಟೆ ಬಿಚ್ಚಿದೆ. ಬೆಳ್ಳಿಯ ಸೋಪಿನ ಡಬ್ಬಿ. ಮುಚ್ಚಳದ ಮೂಲೆ ನಜ್ಜಾಗಿತ್ತು. ತಿರುಗಿಸಿದೆ. ತಳದಲ್ಲಿ ಮುದ್ರೆ.

ಅಲ್ಲೇ ಕೂತುಬಿಟ್ಟೆ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತು ಅನ್ನುತ್ತಾರೆ. ಕೋತಿ ಕೂಡ ಆಮೇಲೆ ಬಾಯಿ ಒರೆಸಿಕೊಳ್ಳುತ್ತದೆ. ಈ ಸಿಳ್ಳೆ ಸಾಹೇಬ ತಂದು ಗಾಜಿನ ಪೆಟ್ಟಿಗೆಯೊಳಗೆ ಇಟ್ಟು ದೀಪ ಹಾಕಿ ತೋರಿಸುತ್ತಿದ್ದಾನೆ. ನಮ್ಮನ್ನು ಹೆದರಿಸಲಿಕ್ಕಲ್ಲ. ಅವನಿಗೆ ನಾವು ನೆನಪೇ ಇಲ್ಲ. ನನ್ನ ಮೈಯೆಲ್ಲ ಉರಿದದ್ದು ಅದಕ್ಕೆ. ಅವ್ವನನ್ನು ಗುಂಡಿಗಿಳಿಸಿದ್ದನ್ನು ಅವನು ಒಂದು ಗುಟ್ಟು ಎಂದು ಕಾಪಾಡಿಕೊಳ್ಳುವಷ್ಟೂ ಬೆಲೆ ಕೊಟ್ಟಿರಲಿಲ್ಲ.

ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಬಹುದಿತ್ತು. ಅವ್ವನ ಕೈಗೆ ಕೊಟ್ಟು ನೋಡೇ ಅನ್ನಬಹುದಿತ್ತು. ಸೇತುವೆ ದಾಟುವುದರೊಳಗೆ ನಾನೇ ಕಳ್ಳಿ. ಹಲ್ಲು ಕಚ್ಚಿಕೊಂಡು ಉಜ್ಜಿದೆ. ಬೂದಿ ಹಾಕಿ ಉಜ್ಜಿದೆ. ನನ್ನ ಮುಖ ಕಾಣುವಷ್ಟು ಬೆಳಗಿ ವಾಪಸು ಕೊಟ್ಟೆ.

"ಚೆನ್ನಾಗಿ ಉಜ್ಜಿದ್ದೀಯ ಕಣೆ," ಎಂದ ಮ್ಯಾನೇಜರ್.

ಸಂಜೆ ಅವ್ವನಿಗೆ ಹೇಳಿದೆ. ಕೇಳುತ್ತ ಅವಳು ಒಲೆಗೆ ಕಟ್ಟಿಗೆ ತಳ್ಳುವುದನ್ನು ನಿಲ್ಲಿಸಲಿಲ್ಲ.

"ಯಾವ ಮೂಲೆ?"

"ಬಲಗಡೆ."

"ಗೋಡೆ ಕಡೆಗೆ ತಿರುಗಿಸಿ ಇಡೋಳು ನಮ್ಮತ್ತೆ," ಎಂದಳು. ಒಲೆ ಊದಿ, "ನಾಳೆ ನಾನೂ ಬರ್ತೀನಿ."

"ಬಂದು ಏನ್ಮಾಡ್ತೀಯ?"

"ಏನೂ ಮಾಡಲ್ಲ. ಅವನ ಮುಖ ನೋಡ್ಬೇಕು. ಅವತ್ತು ಬಗ್ಗಿಕೊಂಡೇ ಇದ್ದೆ, ಸರಿಯಾಗಿ ನೋಡ್ಲಿಲ್ಲ."

ಮರುದಿನ ಕಾಲುವೆಗೆ ನೀರು ಬಿಡಿಸಿದ್ದರು. ತುಂಬಿದ ಕಾಲುವೆ ಪಕ್ಕದಲ್ಲಿ ಬಂಗಲೆ ಚಂದ ಕಾಣುತ್ತದಂತೆ. ಕಾರುಗಳು ಸಾಲುಸಾಲಾಗಿ ನಿಂತವು. ಮುಂದಿನ ಅಂಗಳದಲ್ಲಿ ಮೈಕು. ಅವ್ವನನ್ನು ನಾನು ಬೇಲಿಯ ದಾರಿಯಲ್ಲಿ ಕರೆದು ತಂದು ಹಿಂಬಾಗಿಲ ಹತ್ತಿರ, ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂರಿಸಿದೆ. ಬೇಲಿಯ ಸಂದಿಯಿಂದ ಮುಂದಿನ ಜಗಲಿಯ ಒಂದು ಚೂರು ಕಾಣುತ್ತಿತ್ತು. ಯಾರದೋ ಬೆನ್ನು, ಯಾರದೋ ಪಾದರಕ್ಷೆ. ಅವನ ಮುಖ ಕಾಣಲಿಲ್ಲ.

ತೋಟದ ಮಾಲಿ ಹೂವಿನ ಬುಟ್ಟಿ ಹೊತ್ತು ಹಿಂದಕ್ಕೆ ಬಂದ. ಅವನೊಬ್ಬನಿಗೆ ಮುಂದೂ ಹಿಂದೂ ಓಡಾಡುವ ಪುಣ್ಯ.

"ಅಬ್ಬಾ, ಏನು ಭಾಷಣ!" ಎಂದ. "ಈ ಮುದುಕ ಇಲ್ದಿದ್ರೆ ಕಾಲುವೆ ಬೆಟ್ಟ ಹತ್ತಿ ಹರೀತಿತ್ತಂತೆ. ಆ ಡಬ್ಬಿ ಮುಂದೆ ನಿಂತು ಎಲ್ರೂ ಫೋಟೋ ತೆಗಿಸ್ಕೊಳ್ತಿದಾರೆ. ತಾನೇ ಕಾಪಾಡ್ದೆ ಅಂತ ಹೇಳ್ದ. ಇಲ್ದಿದ್ರೆ ಕಳ್ಳರ ಪಾಲಾಗ್ತಿತ್ತಂತೆ."

ನಾನು ಅವಳ ಮರಗಟ್ಟಿದ ಬೆರಳು ಹಿಡಿದುಕೊಂಡೆ.

ಆಗ ಒಳಗೆ ಕೋಣೆಯ ಬಾಗಿಲು ಸದ್ದಾಯಿತು. ಯಾರೋ ಬಚ್ಚಲಿಗೆ ಬಂದರು. ಚಿಲಕ ನೆಲದ ತೂತಿಗೆ ಬಿತ್ತು. ಕೆಮ್ಮು. ಬಟ್ಟೆಯ ಸದ್ದು. ಆಮೇಲೆ ಸಿಳ್ಳೆ.

ಮುದಿ ಸಿಳ್ಳೆ, ಗಾಳಿ ಸೋರುತ್ತಿತ್ತು. ಧಾಟಿ ಅದೇ. ಕೊನೆಯಲ್ಲಿ ಎಳೆದು ಎಳೆದು ನಿಂತಿತು. ಅವ್ವ ಎದ್ದು ನಿಂತಳು. ಅಭ್ಯಾಸ. ಅವಳ ಕೈ ತಾನಾಗಿ ಬಾಗಿಲಿನ ಕಡೆ ಚಾಚಿತ್ತು. ನೋಡಿ ನನಗೆ ಅಳು ಬಂತು. ಎಷ್ಟೋ ವರ್ಷವಾದ ಮೇಲೂ ಅವನ ಸಿಳ್ಳೆ ನಿಂತರೆ ಅವ್ವನ ಕೈ ಏಳುತ್ತದೆ! ಆ ಕೈಯನ್ನು ನಾನು ಹಿಡಿದು ಕೆಳಗಿಳಿಸಿದೆ.

ನೀರು ಬಿಟ್ಟ ಸದ್ದು. ಚಿಲಕ ಎಳೆಯುವ ಸದ್ದು. ಮತ್ತೆ ಎಳೆಯುವ ಸದ್ದು. ಟಣ್ ಎಂದು ಏನೋ ಬಿತ್ತು. ಮಗ ಹುಡುಕಿ ತಂದು ಜಡಿಸಿದ ಹಳೇ ಚಿಲಕ. ಅದರ ಹಿಡಿ ಮುದುಕನ ಕೈಗೇ ಕಿತ್ತು ಬಂದಿತ್ತು. ಚಿಲಕ ನೆಲದಲ್ಲಿ ಹೂತುಕೊಂಡಿತ್ತು.

"ಯಾರಲ್ಲಿ?" ಎಂದ. ಬಾಗಿಲು ಬಡಿದ. ಕೋಣೆ ಕಡೆಯಿಂದ ಜನ ಬಂದರು, ಮಗ ಬಂದ, ಮ್ಯಾನೇಜರ್ ಬಂದ. ತಳ್ಳಿದರು. ದೊರೆಗಳ ಕಾಲದ ದಪ್ಪ ಮರ, ಜಗ್ಗಲಿಲ್ಲ.

"ಸರ್, ಹಿಂದೆ ಇನ್ನೊಂದು ಬಾಗಿಲಿದೆ," ಎಂದು ಮ್ಯಾನೇಜರ್ ಕೂಗಿದ. "ತೊಳೆಯೋಳು ಹೊರಗೇ ಇರ್ತಾಳೆ. ಅದನ್ನ ಬಡೀರಿ."

ನಮ್ಮ ಬಾಗಿಲು ಸದ್ದಾಯಿತು. ಆ ಬಾಗಿಲನ್ನು ಒಳಗಿನಿಂದ ಒಬ್ಬರು ಬಡಿದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಏಯ್, ಯಾರು ಹೊರಗೆ?"

"ಹಿಂಬಾಗಿಲೋಳು."

"ತೆಗಿ ಬೇಗ."

"ತೆಗೆಯಲ್ಲ."

ತೆಗೆಯಲ್ಲ ಅನ್ನುವ ಮಾತು ಅವನ ಕಿವಿಗೆ ಹೊಸದು. ನನ್ನ ಬಾಯಿಗೂ ಹೊಸದು. ಹೇಳಿದ ಮೇಲೆ ನಾಲಿಗೆ ಹಗುರವಾಯಿತು.

"ಏನಂದೆ?"

"ನೀವೇ ಕದ್ದ ಡಬ್ಬಿ ವಿಷಯ ಮೊದ್ಲು ಹೇಳಿ. ಆಮೇಲೆ ಬಾಗಿಲು."

"ಯಾವ ಡಬ್ಬಿ?"

"ಮುಂದೆ ದೀಪದ ಕೆಳಗೆ ಇಟ್ಟಿದ್ದೀರಲ್ಲ, ಅದು. ಅದಕ್ಕೋಸ್ಕರ ಒಬ್ಬಳನ್ನ ಗುಂಡಿಗೆ ಇಳಿಸಿದ್ರಿ. ಆ ಮೂಲೆಗೆ ಕೈ ಹಾಕು ಅಂದ್ರಿ. ಬ್ಲೇಡು ಕೊಯ್ದಾಗ ನಾಟಕ ಅಂದ್ರಿ."

ಉಸಿರಾಡುವ ಸದ್ದು ಕೇಳಿಸಿತು. ಹುಡುಕುತ್ತಿದ್ದ, ತಲೆಯೊಳಗೆ. ಸಿಗುವುದಕ್ಕೆ ಹೊತ್ತು ಹಿಡಿಯಿತು.

"ಓ... ಅದಾ? ಅಯ್ಯೋ, ಅದು ಯಾವ ಕಾಲದ ಮಾತು! ನೀನು ಯಾರು ಅವಳಿಗೆ?"

"ಮಗಳು."

ಅವನ ದನಿ ಮೆತ್ತಗಾಯಿತು, ಬಾಗಿಲಿನ ಸಂದಿಗೇ ಬಾಯಿ ಇಟ್ಟಿದ್ದಿರಬೇಕು. "ನೋಡಮ್ಮ, ನಾನು ಕದ್ದಿದ್ದಲ್ಲ. ಚಂದ ಇತ್ತು, ಮನೆಗೆ ತಗೊಂಡು ಹೋದೆ. ವಾಪಸ್ ತರೋಣ ಅಂತಾನೇ ಇದ್ದೆ. ಅಷ್ಟರಲ್ಲಿ ತನಿಖೆ ಬಂತು. ಏನಾದ್ರೂ ಒಂದು ಹೇಳ್ಬೇಕಿತ್ತು. ನಿಮ್ಮಮ್ಮ ಅಲ್ಲೇ ಇದ್ಲು."

ನಿಮ್ಮಮ್ಮ ಅಲ್ಲೇ ಇದ್ಲು. ನಾನು ಇಷ್ಟು ವರ್ಷ ಕಾರಣ ಹುಡುಕಿದ್ದೆ. ಅವ್ವ ಅವನಿಗೆ ಎದುರು ಮಾತಾಡಿರಬೇಕು, ಏನಕ್ಕೋ ಒಲ್ಲೆ ಅಂದಿರಬೇಕು, ಹಗೆ ಇರಬೇಕು ಎಂದುಕೊಂಡಿದ್ದೆ. ಹಗೆ ಕೂಡ ಇರಲಿಲ್ಲ. ಅವಳು ಅಲ್ಲೇ ಇದ್ದಳು, ಅಷ್ಟೇ.

ಅವ್ವನ ಕಡೆ ತಿರುಗಿದೆ. ಅವಳು ತುಟಿ ಬಿಗಿದುಕೊಂಡು ಬಾಗಿಲನ್ನು ನೋಡುತ್ತಿದ್ದಳು.

"ನನಗೊಬ್ಬಳಿಗೇ ಹೇಳಿದ್ರೆ ಆಗಲ್ಲ," ಎಂದೆ. "ನನಗೆ ಗೊತ್ತಿತ್ತು. ಆ ಕಡೆ ಬಾಗಿಲಿಗೆ ಮುಖ ತಿರುಗಿಸಿ. ಅಲ್ಲಿ ನಿಮ್ಮೋರೆಲ್ಲ ಇದ್ದಾರೆ. ಅವರಿಗೆ ಕೇಳೋ ಹಾಗೆ ಹೇಳಿ. ಡಬ್ಬಿ ಕದ್ದೋನು ನಾನು. ಅವಳಲ್ಲ."

"ಹುಚ್ಚು ಹಿಡಿದಿದ್ಯಾ? ನನ್ನ ಮಗ ಇದ್ದಾನೆ ಅಲ್ಲಿ. ಮಂತ್ರಿ ಕಡೆಯೋರು ಇದ್ದಾರೆ."

"ಅವತ್ತು ನಾನೂ ಅಲ್ಲೇ ಇದ್ದೆ. ಅವ್ವನ ಸೀರೆ ಹಿಡ್ಕೊಂಡು."

ಬೈದ. ಪೊಲೀಸು ಎಂದ. ನಿಮ್ಮ ಗುಡಿಸಲು ಕೀಳಿಸುತ್ತೇನೆ ಎಂದ. ಆಮೇಲೆ ಉಸಿರು ಕಟ್ಟುತ್ತಿದೆ ಎಂದ. ಮೇಲೆ ಗಾಳಿಕಿಂಡಿ ಇತ್ತು, ಕಟ್ಟುವಂಥದ್ದೇನೂ ಇರಲಿಲ್ಲ. ಕಕ್ಕಸಿನ ನಾತ ಅವನದ್ದೇ. ಅದರ ಜೊತೆ ಅವನು ಅಷ್ಟು ಹೊತ್ತು ಯಾವತ್ತೂ ಇದ್ದಿರಲಿಲ್ಲ. ನಾವು ಇದ್ದೆವು.

ಕೊನೆಗೆ ಆ ಕಡೆ ತಿರುಗಿದ. ದನಿ ನಮ್ಮಿಂದ ದೂರವಾಯಿತು.

"ಡಬ್ಬಿ ನಾನೇ ತಗೊಂಡಿದ್ದು," ಎಂದ.

"ತಗೊಂಡಿದ್ದಲ್ಲ!" ಎಂದು ನಾನು ಕೂಗಿದೆ.

"ಕದ್ದಿದ್ದು! ನಾನು ಕದ್ದಿದ್ದು! ಆ ಹೆಂಗಸಲ್ಲ! ಸಾಕಾ?"

ಒಳಗೆ ಆ ಕಡೆ ಬಾಗಿಲು ತಳ್ಳುವುದು ನಿಂತಿತು. ಮಾತು ನಿಂತಿತು. ಅಷ್ಟು ಜನ ಒಟ್ಟಿಗೆ ಬಾಯಿ ಮುಚ್ಚಿದ್ದು ಹಿಂಬಾಗಿಲಿನವರೆಗೆ ಕೇಳಿಸಿತು. ಆಮೇಲೆ ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ಮಗ "ಅಪ್ಪಾ" ಎಂದ.

ಅವ್ವನ ಕಣ್ಣಲ್ಲಿ ನೀರು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಮಗ, ಮ್ಯಾನೇಜರ್ ಬೇಲಿಯ ದಾರಿಯಲ್ಲಿ ಓಡಿಬಂದರು. ಮಗನ ಮುಖ ಕೆಂಪಗಾಗಿತ್ತು. ಹಿಂದೆ ಮಾಲಿ, ಅಡುಗೆಯವರು, ಡ್ರೈವರುಗಳು. ಕೇಳಿದ್ದು ಅವರ ಮುಖದ ಮೇಲೆಲ್ಲ ಇತ್ತು. ಮ್ಯಾನೇಜರ್ ನನ್ನ ಸೊಂಟಕ್ಕೆ ಕೈ ಹಾಕಲು ಬಂದ. ಮಾಲಿ ಬುಟ್ಟಿ ಅಡ್ಡ ಹಿಡಿದ.

"ಹೆಂಗಸಿನ ಮೈಗೆ ಕೈ ಹಾಕ್ಬೇಡಿ ಸ್ವಾಮಿ. ಜನ ನೋಡ್ತಿದಾರೆ," ಎಂದ.

ಮಗ ಜಾಣ. ಅವ್ವನ ಮುಂದೆ ಬಗ್ಗಿದ. "ಅಜ್ಜಿ, ಅವರು ಹೇಳಿದ್ರಲ್ಲ, ಎಲ್ರೂ ಕೇಳಿದ್ರು. ಆಯ್ತಲ್ಲ? ಇನ್ನು ಕೀಲಿ ಕೊಡ್ಸಿ. ವಯಸ್ಸಾದೋರು. ನಿಮಗೆ ಇಲ್ಲೇ ಒಂದು ಮನೆ ಕೊಡ್ತೀನಿ. ಮಗಳ ಕೆಲಸ ಖಾಯಂ ಮಾಡ್ತೀನಿ."

ಅವ್ವ ನನ್ನ ಕಡೆ ಕೈ ಚಾಚಿದಳು. ನಾನು ಕೀಲಿ ಬಿಚ್ಚಿ ಆ ಮರಗಟ್ಟಿದ ಬೆರಳುಗಳ ನಡುವೆ ಇಟ್ಟೆ. ತೆಗೆಯುತ್ತಾಳೆ ಎಂದುಕೊಂಡೆ. ನನ್ನವ್ವ ಒಳ್ಳೆಯವಳು. ಇಷ್ಟು ಕಾಲ ಒಳ್ಳೆಯವಳಾಗಿ ಕೆಟ್ಟವಳು.

"ಮನೆ ಕೊಡ್ತೀಯಾ?" ಎಂದಳು ಮಗನಿಗೆ.

"ಖಂಡಿತ ಅಜ್ಜಿ."

"ನಿಮ್ಮಪ್ಪ ಅವತ್ತು ತೆಗೆದ ಮನೆ ಅದು. ನೀನು ಏನು ಕೊಡೋದು?"

ಬಾಗಿಲು ಬಿಟ್ಟು ಆ ಕಡೆ ನಡೆದಳು. ಬಾನಿ ತೊಳೆಯುವ ಮೆಟ್ಟಿಲು. ಕಾಲುವೆ ತುಂಬಿ ಮೂರನೇ ಕಲ್ಲಿನವರೆಗೆ ಬಂದಿತ್ತು. ಅವ್ವ ಬೆರಳು ಬಿಡಿಸಿದಳು. ಕೀಲಿ ನೀರಿಗೆ ಬಿದ್ದು ಸದ್ದು ಕೂಡ ಮಾಡಲಿಲ್ಲ.

"ಅಯ್ಯೋ!" ಎಂದ ಮಗ.

"ಇಳಿದು ಹುಡುಕು," ಎಂದಳು ಅವ್ವ. "ನೀರು ಚೊಕ್ಕವಾಗೇ ಇದೆ. ನಿನ್ನ ಪುಣ್ಯ."

ಮಗ ಮೆಟ್ಟಿಲ ತುದಿಗೆ ಬಂದು ನೀರು ನೋಡಿದ. ತನ್ನ ಬೂಟು ನೋಡಿಕೊಂಡ. ಇಳಿಯಲಿಲ್ಲ. ಮ್ಯಾನೇಜರ್ ಅಡುಗೆಯವರ ಕಡೆ, ಡ್ರೈವರುಗಳ ಕಡೆ ತಿರುಗಿದ. "ಯಾರಾದ್ರೂ ಇಳೀರೋ!" ಎಂದ. ಯಾರೂ ಅಲುಗಲಿಲ್ಲ. ಒಬ್ಬ ಡ್ರೈವರ್ ತನಗೆ ಈಜು ಬರುವುದಿಲ್ಲ ಎಂದ. ಸೊಂಟದಷ್ಟು ನೀರು ಅದು.

ಇದಕ್ಕೆ ನಮಗೆ ಏನಾಗುತ್ತದೋ ಗೊತ್ತಿತ್ತು. ಕೆಲಸ ಅಲ್ಲೇ ಹೋಯಿತು. ಗುಡಿಸಲೂ ಹೋಗಬಹುದು. ಪೊಲೀಸರು ಬರಬಹುದು. ಬರಲಿ. ಬಂದರೆ ಯಾವ ಡಬ್ಬಿ, ಯಾರದ್ದು, ತಳದಲ್ಲಿ ಯಾರ ಮುದ್ರೆ ಎಂದು ಅವರೂ ಬರೆದುಕೊಳ್ಳಬೇಕಾಗುತ್ತದೆ. ನಾನು ಪಶ್ಚಾತ್ತಾಪ ಪಡುತ್ತೇನೆ ಎಂದು ಯಾರಾದರೂ ಕಾಯುತ್ತಿದ್ದರೆ ಕಾಯುತ್ತಿರಲಿ.

ಅವ್ವನ ತೋಳು ಹಿಡಿದು ಸೇತುವೆ ಕಡೆ ನಡೆದೆ. ಬಾಗಿಲ ಹಿಂದಿನಿಂದ ಅವನು ಕೂಗುತ್ತಿದ್ದ. "ಹೇಳಿದ್ನಲ್ಲ! ನಾನು ಹೇಳಿದ್ನಲ್ಲ!" ಅವತ್ತು ಅವ್ವ ಕೂಡ ಗುಂಡಿಯೊಳಗಿನಿಂದ ಅದನ್ನೇ ಹೇಳುತ್ತಿದ್ದಳು, ನಾನಲ್ಲ ಅಂತ ಹೇಳಿದ್ನಲ್ಲ ಎಂದು. ಕಾರುಗಳು ಒಂದೊಂದಾಗಿ ಹೊರಡುತ್ತಿದ್ದವು. ಮೈಕು ಯಾರೂ ಇಲ್ಲದೆ ಗುಂಯ್ ಎನ್ನುತ್ತಿತ್ತು.

ನಾವು ಸೇತುವೆ ಮೇಲೆ ಇದ್ದಾಗ ಬಂಗಲೆಯೊಳಗಿನಿಂದ ಮೊದಲ ಏಟು ಕೇಳಿಸಿತು. ಕೊಡಲಿ. ದೊರೆಗಳ ಕಾಲದ ಮರಕ್ಕೆ, ಮಗ ಅಷ್ಟು ಆಸೆಪಟ್ಟು ಎಣ್ಣೆ ಹಚ್ಚಿಸಿದ ಬಾಗಿಲಿಗೆ. ಎರಡನೇ ಏಟು. ಮರ ಸೀಳಿದ ಸದ್ದು. ಬಿಸಿಲು ಜೋರಿತ್ತು. ಅವ್ವನಿಗೆ ಕಾಲು ನೋವು. ಬೇಗ ಮನೆ ಸೇರಿಸೋಣ ಎಂದು ನಾನು ಹೆಜ್ಜೆ ಜೋರು ಮಾಡಿದೆ.

ಅವ್ವ ನನ್ನ ತೋಳು ಎಳೆದು ನಿಲ್ಲಿಸಿದಳು.

"ನಿಧಾನಕ್ಕೆ ನಡಿಯೇ," ಎಂದಳು. "ಕೇಳಿಸ್ಕೊಳ್ತಾ ಹೋಗೋಣ."